ಡೀಸೆಲ್ ಕಾರಿನ ಲಾಭ ಯಾರಿಗೆ?

ಮಧ್ಯಮವರ್ಗದ ಕುಟುಂಬಕ್ಕೆ ಮನೆ, ಮದುವೆಗಳನ್ನು ಬಿಟ್ಟರೆ ಕಾರೇ ದೊಡ್ಡ ಖರ್ಚು. ಆದ್ದರಿಂದಲೇ ಷೋರೂಮಿನಲ್ಲಿ ಬಣ್ಣ, ಆಸನಗಳನ್ನು ನೋಡಿ ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮೈಲೇಜ್ ಎಷ್ಟು ಕೊಡುತ್ತದೆ?’ ಈ ಪ್ರಶ್ನೆಗೆ ಡೀಸೆಲ್ ಕಾರು ನೀಡುವ ಉತ್ತರ ಕಿವಿಗೆ ಇಂಪಾಗಿರುತ್ತದೆ. ಜೇಬಿಗೂ ಹಾಗೆಯೇ ಇರುತ್ತದೆಯೇ ಎಂಬುದು ಬೇರೆ ಮಾತು.

ಈಚೆಗೆ ನಿವೃತ್ತರಾದ ನನ್ನ ಭಾವ ಡೀಸೆಲ್ ಹ್ಯಾಚ್‌ಬ್ಯಾಕ್ ಕೊಳ್ಳಲು ನಿರ್ಧರಿಸಿ ಅಭಿಪ್ರಾಯ ಕೇಳಿದರು. ಜಯನಗರದ ಮನೆಯಿಂದ ಮಾರುಕಟ್ಟೆ, ಮೊಮ್ಮಗಳ ಶಾಲೆ, ಆಗೊಮ್ಮೆ ಈಗೊಮ್ಮೆ ಊರು. ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ದಾಟದ ಓಡಾಟ. ‘ಡೀಸೆಲ್ ಅಗ್ಗವಲ್ಲವೇನಯ್ಯ?’ ಎಂಬುದು ಅವರ ವಾದ. ಅದು ಅನುಭವದ ಮಾತೇ ಹೌದು. ಆದರೆ ಆ ಅನುಭವವನ್ನು ಕೊಟ್ಟ ಕಾಲ ಮುಗಿದುಹೋಗಿದೆ.

1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾ, ಸಣ್ಣ ಕಾರಿಗೂ ಡೀಸೆಲ್ ಎಂಜಿನ್ ಒಗ್ಗುತ್ತದೆ ಎಂದು ತೋರಿಸಿತು. 2007ರಲ್ಲಿ ಮಾರುತಿ ಸ್ವಿಫ್ಟ್ ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಹೊತ್ತು ಬಂದ ಮೇಲಂತೂ ಅದು ಮಧ್ಯಮವರ್ಗದ ಜಾಣ ಆಯ್ಕೆ ಎನಿಸಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. 32 ರೂಪಾಯಿಯ ಈ ಅಂತರ ಎಂಜಿನ್ನಿನ ಕೌಶಲದಿಂದ ಹುಟ್ಟಿದ್ದಲ್ಲ. ರೈತನ ಟ್ರ್ಯಾಕ್ಟರಿಗೆ, ಸರಕು ಸಾಗಿಸುವ ಲಾರಿಗೆ, ಬಡವರ ಬಸ್ಸಿಗೆಂದು ಸರ್ಕಾರ ಹೊತ್ತಿದ್ದ ಸಹಾಯಧನದಲ್ಲಿ ಕಾರಿನವರೂ ಪಾಲು ಪಡೆದರು. ನಾವು ಉಳಿತಾಯವೆಂದು ಬೀಗಿದ್ದು ಸಾರ್ವಜನಿಕ ಬೊಕ್ಕಸದ ಹಣವನ್ನು.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ನಿಯಂತ್ರಣಮುಕ್ತವಾಯಿತು. 2025ರಲ್ಲಿ ದೆಹಲಿಯಲ್ಲಿ ಈ ಅಂತರ ಏಳು ರೂಪಾಯಿಗೆ ಇಳಿದಿತ್ತು. ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91 ರೂಪಾಯಿ, ಅಂತರ ಹನ್ನೆರಡು.

ಇನ್ನು ಕಾಗದ, ಪೆನ್ನು ಹಿಡಿದು ಕೂರೋಣ. ಒಂದೇ ಮಾದರಿಯ ಡೀಸೆಲ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಒಂದೂಕಾಲು ಲಕ್ಷ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಆಜೀವ ತೆರಿಗೆ ವಾಹನದ ಬೆಲೆಯನ್ನೇ ಅವಲಂಬಿಸಿರುವುದರಿಂದ ಅದೂ ಸೇರಿ ವ್ಯತ್ಯಾಸ 1.40 ಲಕ್ಷವಾದೀತು. ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ ಕಾರು 20 ಕಿಲೋಮೀಟರ್ ಓಡಿದರೆ, ಮೇಲಿನ ದರದಲ್ಲಿ ಕಿಲೋಮೀಟರಿಗೆ ತಗಲುವ ಖರ್ಚು ಕ್ರಮವಾಗಿ 6 ರೂಪಾಯಿ 44 ಪೈಸೆ ಮತ್ತು 4 ರೂಪಾಯಿ 55 ಪೈಸೆ. ಉಳಿತಾಯ ಎರಡು ರೂಪಾಯಿಗೂ ಕಡಿಮೆ. ಮೊದಲು ಕೊಟ್ಟ ಹೆಚ್ಚುವರಿ ಹಣ ಮರಳಿ ಬರಬೇಕಾದರೆ ಕಾರು 74 ಸಾವಿರ ಕಿಲೋಮೀಟರ್ ಓಡಬೇಕು. ನನ್ನ ಭಾವನಿಗೆ ಅದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗಗಳ ನಡುವೆ ವರ್ಷಕ್ಕೆ 25 ಸಾವಿರ ಕಿಲೋಮೀಟರ್ ತಿರುಗುವ ಔಷಧ ಕಂಪನಿಯ ಪ್ರತಿನಿಧಿಗೆ ಮೂರೇ ವರ್ಷ ಸಾಕು. ಕಾರು ಒಂದೇ, ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಲಾಭ.

ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡಕ್ಕಾಗಿ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಅಳವಡಿಸಲಾಗಿದೆ. ಸಂಗ್ರಹವಾದ ಮಸಿ ಸುಟ್ಟುಹೋಗಲು ಕಾರು ಆಗಾಗ ಕೆಲಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು. ಸಿಲ್ಕ್‌ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಆ ಭಾಗ್ಯವೆಲ್ಲಿ? ಫಿಲ್ಟರ್ ಕಟ್ಟಿಕೊಂಡರೆ ರಿಪೇರಿಯ ಬಿಲ್ಲು ವರ್ಷಗಳ ಉಳಿತಾಯವನ್ನು ನುಂಗಬಲ್ಲದು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ರಸ್ತೆಗಿಳಿಸಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಕೋರ್ಟು ಸಡಿಲಿಕೆ ತೋರಿತಾದರೂ, ಹಳೆಯ ಡೀಸೆಲ್ ಕಾರಿನ ಮೇಲೆ ತೂಗುಕತ್ತಿ ಇದ್ದೇ ಇದೆಯೆಂದು ಕೊಳ್ಳುವವನು ಅರಿತಿರಬೇಕು.

ತಯಾರಕರು ಇದನ್ನು ನಮಗಿಂತ ಮೊದಲೇ ಅರಿತರು. ಮಾರುತಿ 2020ರಲ್ಲಿ ಡೀಸೆಲ್ ಕೈಬಿಟ್ಟಿತು; ಹ್ಯುಂಡೈ ಐ20ಯ ಡೀಸೆಲ್ ಮಾದರಿಯೂ ಮರೆಯಾಯಿತು. ಈ ವರ್ಗದಲ್ಲಿ ದೀರ್ಘಕಾಲ ಉಳಿದುಕೊಂಡದ್ದು ಟಾಟಾ ಆಲ್ಟ್ರೋಜ್.

ಇದೆಲ್ಲದರಾಚೆಗೆ, ಬೆಲೆಪಟ್ಟಿಯಲ್ಲಿ ಕಾಣಿಸದ ಇನ್ನೊಂದು ಬಾಬ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಹೊಸ ಎಂಜಿನ್ನುಗಳ ಹೊಗೆ ಹಿಂದಿನಷ್ಟು ಮಲಿನವಲ್ಲ, ನಿಜ. ಆದರೆ ಸರಿಯಾಗಿ ಕೆಲಸ ಮಾಡದ ಫಿಲ್ಟರಿನ ಬೆಲೆಯನ್ನು ತೆರುವವರು ಕಾರಿನೊಳಗಿರುವವರಿಗಿಂತ ಹೆಚ್ಚಾಗಿ ಪಕ್ಕದಲ್ಲಿ ಸ್ಕೂಟರ್ ಏರಿ ನಿಂತವರು.

ಹಾಗೆಂದು ಡೀಸೆಲ್ ಕಾರು ಕೊಳ್ಳುವುದೇ ತಪ್ಪು ಎನ್ನಲಾಗದು. ಹೆದ್ದಾರಿಯೇ ಜೀವನಮಾರ್ಗವಾದವರಿಗೆ ಅದು ಇಂದಿಗೂ ಒಪ್ಪುವ ವಾಹನ. ಕಾರು ಎಷ್ಟು ಮೈಲೇಜ್ ಕೊಡುತ್ತದೆ ಎಂಬುದನ್ನು ಮಾರಾಟಗಾರ ಹೇಳಿಯಾನು. ನಾವು ಎಷ್ಟು ಓಡಿಸುತ್ತೇವೆ ಎಂಬುದನ್ನು ನಾವೇ ಹೇಳಿಕೊಳ್ಳಬೇಕು. ಹಳೆಯ ಕಾರಿನ ಮೀಟರನ್ನು ಒಮ್ಮೆ ನೋಡಿ ಬನ್ನಿ ಎಂದಷ್ಟೇ ಭಾವನಿಗೆ ಹೇಳಿದೆ. ಹನ್ನೊಂದು ವರ್ಷಕ್ಕೆ 68 ಸಾವಿರ ಕಿಲೋಮೀಟರ್. ಅವರು ಮತ್ತೇನೂ ಕೇಳಲಿಲ್ಲ.