"ಕೋಟಾ ಕ್ಯಾಪ್ಟನ್" ಅಂತ ನಕ್ಕವರಿಗೆ



ಹೋದ ವಾರ ಆಫೀಸಿನ ಎದುರು ಟೀ ಅಂಗಡಿಯಲ್ಲಿ ನಡೆದ ಮಾತು ಇದು. ನಮ್ಮ ಸೆಕ್ಷನ್ನಿಗೆ ಹೊಸದಾಗಿ ಬಂದ ಹುಡುಗ, ಕೆಲಸದಲ್ಲಿ ಒಳ್ಳೆಯವನೇ, ಮೊಬೈಲ್ ನೋಡ್ತಾ ಅಂದ: "ಸಾರ್, ಮಾರ್ವೆಲ್ ಹಾಳಾಗಿದ್ದೇ ಮೀಸಲಾತಿಯಿಂದ. ಕರಿಯರಿಗೊಂದು, ಹೆಂಗಸರಿಗೊಂದು, ಮುಸ್ಲಿಮರಿಗೊಂದು ಅಂತ ಸೀಟು ಹಂಚೋಕೆ ಹೋದ್ರು. ಈಗಿರೋನು ಕೋಟಾ ಕ್ಯಾಪ್ಟನ್." ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಇನ್ನೊಬ್ಬರು ನನ್ನ ಮುಖ ನೋಡಿ ನಗು ನುಂಗಿಕೊಂಡರು. ನಾನು ಲೋಟ ಇಟ್ಟು ಎದ್ದು ಬಂದೆ. ಅಲ್ಲಿ ಹೇಳದೆ ಬಂದದ್ದನ್ನ ಇಲ್ಲಿ ಹೇಳ್ತಿದ್ದೀನಿ. ಉದ್ದ ಇದೆ, ತಾಳ್ಮೆ ಇರಲಿ.

ಮೊದಲು ನಮ್ಮವರಿಗೆ ಒಂದು ತಪ್ಪೊಪ್ಪಿಗೆ. ಸಂಘಟನೆಯ ಗೆಳೆಯರು ಎಷ್ಟೋ ಸಲ ರೇಗಿಸಿದ್ದಾರೆ, "ಏನಣ್ಣ, ಈ ವಯಸ್ಸಲ್ಲಿ ಅಮೆರಿಕಾದವರ ಚಡ್ಡಿ ಹೀರೋಗಳನ್ನ ನೋಡ್ತೀಯಾ" ಅಂತ. ಹೌದು, ನೋಡ್ತೀನಿ. 2008ರ ಐರನ್ ಮ್ಯಾನ್‌ನಿಂದ ನೋಡ್ಕೊಂಡು ಬಂದಿದ್ದೀನಿ. 2018ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಬಂದಾಗ ಥಿಯೇಟರಲ್ಲಿ ಕೂತು ಅತ್ತಿದ್ದೀನಿ. ಪ್ಯಾಂಥರ್ ಅನ್ನೋ ಹೆಸರು ನಮಗೇನು ಹೊಸದಲ್ಲ. ಕಾಮಿಕ್ಸಲ್ಲಿ ಆ ಪಾತ್ರ ಬಂದಿದ್ದು 1966ರಲ್ಲಿ. ಅದೇ ವರ್ಷದ ಅಕ್ಟೋಬರಲ್ಲಿ ಓಕ್ಲೆಂಡ್ ಊರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿತು. ಆ ಪಾರ್ಟಿಯ ಹೆಸರಿನ ಕಿಚ್ಚು ಹಿಡಿದು 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ದಲಿತ ಪ್ಯಾಂಥರ್ಸ್ ಕಟ್ಟಿದರು. ರಯನ್ ಕೂಗ್ಲರ್ ತನ್ನ ಸಿನಿಮಾದ ಕಥೆಯನ್ನ ಅದೇ ಓಕ್ಲೆಂಡಿನ ಬಡವರ ಕಟ್ಟಡದಿಂದ ಎತ್ತಿಕೊಂಡ. ಇಷ್ಟು ಗೊತ್ತಿದ್ದು ನೋಡೋನಿಗೆ ಅದು ಬರೀ ಚಡ್ಡಿ ಹೀರೋ ಸಿನಿಮಾ ಆಗಿ ಉಳಿಯಲ್ಲ.

ಈಗ ಕ್ಯಾಪ್ಟನ್ ವಿಷಯಕ್ಕೆ ಬರ್ತೀನಿ. ಅದಕ್ಕೆ ಮುಂಚೆ ನನ್ನ ವಿಷಯ ಸ್ವಲ್ಪ.

ನಾನು ಗುಮಾಸ್ತ. ಎಸ್‌ಡಿಎ ಆಗಿ ಸೇರಿದವನು, ಬಡ್ತಿಯಲ್ಲಿ ಎಫ್‌ಡಿಎ ಆದೆ. 2017ರ ಫೆಬ್ರವರಿ 9ಕ್ಕೆ ಬಿ.ಕೆ. ಪವಿತ್ರಾ ಪ್ರಕರಣದ ತೀರ್ಪು ಬಂತು. ಬಡ್ತಿ ಮೀಸಲಾತಿಯಲ್ಲಿ ಮೇಲೆ ಬಂದ ನಮ್ಮ ನೌಕರರಿಗೆ ಸಿಕ್ಕಿದ್ದ ಜ್ಯೇಷ್ಠತೆ ಹೋಯ್ತು. ಪಟ್ಟಿ ತಿದ್ದಿದರು. ಹಿಂಬಡ್ತಿ ಆದೇಶ ನನ್ನ ಟೇಬಲ್ಲಿಗೂ ಬಂತು. ಗೆಳೆಯರೇ, ಹಿಂಬಡ್ತಿ ಅಂದ್ರೆ ಬರೀ ಸಂಬಳದ ಲೆಕ್ಕ ಅಲ್ಲ. ಅದೇ ಆಫೀಸು, ಅದೇ ಜನ. ನಿನ್ನೆ ನೀನು ಕಡತ ನೋಡಿ ಸಹಿ ಹಾಕಿ ಕೊಟ್ಟವನ ಎದುರಿಗೇ ಇವತ್ತು ಕಡತ ಹಿಡ್ಕೊಂಡು ನಿಲ್ಲೋದು. ಆಗ ಒಬ್ಬರು ಕೇಳುವ ಹಾಗೇ ಅಂದರು, "ಯಾರದ್ದೋ ಕುರ್ಚಿ, ಯಾರಿಗೋ ವಾಪಸ್ ಹೋಯ್ತು." ನಾನು ಆ ಮಾತನ್ನ ಮನೆಗೂ ತಂದೆ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

2019ರ ಏಪ್ರಿಲ್ 26ಕ್ಕೆ ಅವೆಂಜರ್ಸ್ ಎಂಡ್‌ಗೇಮ್ ಬಂತು. ಮಗಳನ್ನ ಕರ್ಕೊಂಡು ಹೋಗಿದ್ದೆ. ಕೊನೇಲಿ ಮುದುಕನಾದ ಸ್ಟೀವ್ ರೋಜರ್ಸ್ ತನ್ನ ಗುರಾಣಿಯನ್ನ ಸ್ಯಾಮ್ ವಿಲ್ಸನ್ ಅನ್ನೋ ಕಪ್ಪು ಗೆಳೆಯನ ಕೈಗೆ ಕೊಡ್ತಾನೆ. ಹೇಗನಿಸ್ತಿದೆ ಅಂತ ಕೇಳಿದರೆ ಸ್ಯಾಮ್ ಖುಷಿಯಿಂದ ಕುಣಿಯಲ್ಲ. ಬೇರೆ ಯಾರದ್ದೋ ವಸ್ತು ಹಿಡಿದಂಗಿದೆ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಥಿಯೇಟರೆಲ್ಲ ಶಿಳ್ಳೆ ಹೊಡೀತಿತ್ತು. ನನಗೆ ಆಫೀಸಿನ ಆ ಮಾತು ಕಿವಿಯಲ್ಲಿ ಕೇಳ್ತಿತ್ತು. ಅದಾಗಿ ಎರಡು ವಾರಕ್ಕೆ, ಮೇ 10ಕ್ಕೆ, ಸುಪ್ರೀಂ ಕೋರ್ಟು ಕರ್ನಾಟಕದ 2018ರ ಕಾಯ್ದೆಯನ್ನ ಎತ್ತಿಹಿಡಿಯಿತು. ಕುರ್ಚಿ ವಾಪಸ್ ಬಂತು. ಸಿನಿಮಾಕ್ಕೂ ಕೋರ್ಟಿಗೂ ಏನೂ ಸಂಬಂಧ ಇಲ್ಲ ಅಂತ ನನಗೂ ಗೊತ್ತು. ಆದರೆ ಯಾವ ಸಿನಿಮಾ ಯಾರ ಎದೆಗೆ ಯಾವಾಗ ತಾಗುತ್ತೆ ಅನ್ನೋದು ಅವರವರ ಬದುಕಿನ ಲೆಕ್ಕ.

2021ರಲ್ಲಿ ಫಾಲ್ಕನ್ ಅಂಡ್ ದ ವಿಂಟರ್ ಸೋಲ್ಜರ್ ಸರಣಿ ಬಂತು, ಆರು ಕಂತು. ಅದರಲ್ಲಿ ಸ್ಯಾಮ್ ಗುರಾಣಿಯನ್ನ ಮ್ಯೂಸಿಯಮ್ಮಿಗೆ ಒಪ್ಪಿಸ್ತಾನೆ. ಸರ್ಕಾರ ಏನು ಮಾಡ್ತು? ಅಲ್ಲಿಂದ ತೆಗೆದು ಜಾನ್ ವಾಕರ್ ಅನ್ನೋ ಬಿಳಿ ಸೈನಿಕನಿಗೆ ಕೊಟ್ಟು, ಬ್ಯಾಂಡು ಬಾರಿಸಿ ಮೆರೆಸಿತು. ಮೆರಿಟ್ ಇತ್ತಲ್ಲ! ಆ ಮೆರಿಟ್ಟು ನಡುಬೀದಿಯಲ್ಲಿ, ಜನ ಮೊಬೈಲಲ್ಲಿ ಚಿತ್ರ ತೆಗೀತಿರುವಾಗಲೇ, ಅದೇ ಗುರಾಣಿಯಿಂದ ಒಬ್ಬನನ್ನ ಜಜ್ಜಿ ಕೊಂದಿತು.

ಮೊದಲ ಕಂತಿನಲ್ಲಿ ಸ್ಯಾಮ್ ತನ್ನ ತಂಗಿ ಸಾರಾ ಜೊತೆ ಬ್ಯಾಂಕಿಗೆ ಹೋಗ್ತಾನೆ. ಲೋಕ ಉಳಿಸಿದ ಹೀರೋ ಅಂತ ಬ್ಯಾಂಕಿನವನು ಫೋಟೋ ಕೇಳ್ತಾನೆ, ಸಾಲ ಮಾತ್ರ ಕೊಡಲ್ಲ. ಎರಡನೇ ಕಂತಿನಲ್ಲಿ ಬಾಲ್ಟಿಮೋರ್ ರಸ್ತೆಯಲ್ಲಿ ಸ್ಯಾಮ್ ಮತ್ತು ಬಕ್ಕಿ ಜೋರಾಗಿ ಮಾತಾಡ್ತಿದ್ರೆ ಪೊಲೀಸ್ ಬಂದು ಸ್ಯಾಮ್ ಹತ್ರ ಗುರುತಿನ ಚೀಟಿ ಕೇಳ್ತಾನೆ. ಬಿಳಿಯನ ಹತ್ರ ಕೇಳೋದು, ಇವನು ನಿಮಗೆ ತೊಂದರೆ ಕೊಡ್ತಿದ್ದಾನಾ ಅಂತ. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಸೆಲ್ಫಿ ತಗೊಂಡು, 15ಕ್ಕೆ "ಬಾಡಿಗೆಗೆ ಮನೆ ಇಲ್ಲ" ಅನ್ನೋರನ್ನ ಕಂಡವರಿಗೆ ಈ ದೃಶ್ಯಗಳನ್ನ ಬಿಡಿಸಿ ಹೇಳಬೇಕಾ?

ಅದೇ ಸರಣಿಯಲ್ಲಿ ಐಸಾಯಾ ಬ್ರಾಡ್ಲಿ ಇದ್ದಾನೆ. ಕಪ್ಪು ಸೈನಿಕ. ಸ್ಟೀವ್‌ಗೆ ಕೊಟ್ಟಂಥ ಔಷಧವನ್ನ ಇವನ ಮೇಲೆ, ಇವನ ಜೊತೆಯವರ ಮೇಲೆ ಹೇಳದೆ ಕೇಳದೆ ಪ್ರಯೋಗಿಸಿ, ಬದುಕುಳಿದದ್ದಕ್ಕೆ 30 ವರ್ಷ ಜೈಲಲ್ಲಿಟ್ಟು ರಕ್ತ ತೆಗೆದರು. ಇದು ಬರೀ ಕಲ್ಪನೆ ಅಂದ್ಕೋಬೇಡಿ. ಅಮೆರಿಕಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಕಾಯಿಲೆಯ ಕಪ್ಪು ಗಂಡಸರಿಗೆ ಔಷಧ ಕೊಡದೆ, ಅವರು ಹೇಗೆ ಸಾಯ್ತಾರೆ ಅಂತ ನೋಡ್ತಾ ಕೂತಿದ್ದು ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆಯೇ. ಈ ಕಥೆಯನ್ನ ಮಕ್ಕಳು ನೋಡುವ ಸೂಪರ್‌ಹೀರೋ ಸರಣಿಗೆ ತಂದರಲ್ಲ, ಅದಕ್ಕೆ ನನ್ನ ಸಲಾಂ ಇದೆ.

ಇನ್ನು "ಮೀಸಲಾತಿಯಿಂದ ಹಾಳಾಯ್ತು" ಅನ್ನೋ ಮಾತು. ನಾನು ಗುಮಾಸ್ತ, ಲೆಕ್ಕದಲ್ಲೇ ಮಾತಾಡೋಣ.

2008ರಿಂದ 2019ರವರೆಗೆ ಹನ್ನೊಂದು ವರ್ಷದಲ್ಲಿ ಮಾರ್ವೆಲ್ ಮಾಡಿದ್ದು 23 ಸಿನಿಮಾ. 2021 ಮತ್ತು 2022, ಬರೀ ಎರಡು ವರ್ಷದಲ್ಲಿ ಬಿಟ್ಟಿದ್ದು 7 ಸಿನಿಮಾ, 8 ಸರಣಿ. ಒಂದು ಸಿನಿಮಾ ಅರ್ಥ ಆಗಬೇಕಾದರೆ ಮೂರು ಸರಣಿ ನೋಡಿರಬೇಕು ಅನ್ನೋ ಸ್ಥಿತಿ. ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ಅತಿಯಾಗಿ ಮಾಡಿ ಕೆಡಿಸಿಕೊಂಡೆವು ಅನ್ನೋ ಅರ್ಥದಲ್ಲಿ ಒಪ್ಪಿಕೊಂಡಿದ್ದಾರೆ. ಗ್ರಾಫಿಕ್ಸ್ ಮಾಡುವ ಕೆಲಸಗಾರರು ರಾತ್ರಿ ಹಗಲು ದುಡಿದು ಬೇಸತ್ತು, 2023ರ ಸೆಪ್ಟೆಂಬರಲ್ಲಿ ಒಬ್ಬರೂ ವಿರುದ್ಧ ಇಲ್ಲದ ಹಾಗೆ ಯೂನಿಯನ್ ಪರ ವೋಟು ಹಾಕಿದರು. ಹಾಳು ಮಾಡಿದ್ದು ಲಾಭದ ಆಸೆ. ಬೈಗುಳ ಮಾತ್ರ ಕಪ್ಪು ಹುಡುಗನಿಗೆ, ಮುಸ್ಲಿಂ ಹುಡುಗಿಗೆ.

ಬ್ಲ್ಯಾಕ್ ಪ್ಯಾಂಥರ್ 130 ಕೋಟಿ ಡಾಲರ್ ದಾಟಿತು, ಮೂರು ಆಸ್ಕರ್ ತಂತು. ಅದರ ನಾಯಕ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಹೋದ ಮೇಲೂ ವಕಾಂಡ ಫಾರೆವರ್ 85 ಕೋಟಿ ಡಾಲರ್ ದಾಟಿತು. ಬಿಳಿ ನಾಯಕನ ಕ್ವಾಂಟಮೇನಿಯಾ 47 ಕೋಟಿಗೆ ನಿಂತಿತು. ಬಹುತೇಕ ಬಿಳಿಯರೇ ತುಂಬಿದ್ದ ಥಂಡರ್‌ಬೋಲ್ಟ್ಸ್ ಸಿನಿಮಾ ಚೆನ್ನಾಗಿದ್ದರೂ 38 ಕೋಟಿಗೆ ಸುಸ್ತಾಯ್ತು. ಆಗ ಯಾರಾದ್ರೂ "ಬಿಳಿಯರಿಗೆ ಸೀಟು ಕೊಟ್ಟು ಹಾಳಾಯ್ತು" ಅಂದ್ರಾ? ಇಲ್ಲ. ಆಗ ಕಥೆ ಸರಿ ಇಲ್ಲ, ಪ್ರಚಾರ ಸಾಲದು, ಜನಕ್ಕೆ ಸುಸ್ತಾಗಿದೆ. ನಿಯಾ ಡಕೋಸ್ಟಾ ಅನ್ನೋ ಕಪ್ಪು ಹೆಣ್ಣುಮಗಳು ನಿರ್ದೇಶಿಸಿದ ದ ಮಾರ್ವೆಲ್ಸ್ 20 ಕೋಟಿ ಡಾಲರಿನ ಆಸುಪಾಸಲ್ಲಿ ಬಿದ್ದಾಗ ಮಾತ್ರ ಜಾತಿ, ಲಿಂಗ, ಬಣ್ಣ ಎಲ್ಲ ನೆನಪಾಯ್ತು. ಕಲಾವಿದರ ಮುಷ್ಕರ 2023ರ ನವೆಂಬರ್ 9ಕ್ಕೆ ಮುಗಿಯಿತು, ಆ ಸಿನಿಮಾ ಮಾರನೇ ದಿನ ಬಿಡುಗಡೆ. ನಟಿಯರು ಬಂದು ಪ್ರಚಾರ ಮಾಡೋಕೂ ಆಗಿರಲಿಲ್ಲ. ಅದು ಯಾರಿಗೂ ಬೇಡ. ನಮ್ಮ ಆಫೀಸಲ್ಲೂ ಇದೇ ನ್ಯಾಯ ಅಲ್ವಾ? ಅವರು ತಪ್ಪು ಮಾಡಿದರೆ ಮನುಷ್ಯ ಮಾಡಿದ ತಪ್ಪು. ನಾವು ಮಾಡಿದರೆ ಜಾತಿ ಮಾಡಿದ ತಪ್ಪು.

ಇಷ್ಟು ಹೇಳಿ, ಮಾರ್ವೆಲ್ಲಿನ ವಕೀಲನಾಗೋಕೆ ನಾನು ತಯಾರಿಲ್ಲ. ಅವರ ಒಂದು ಕಳ್ಳಾಟವನ್ನ ನಮ್ಮ ಹುಡುಗರು ಗಮನಿಸಬೇಕು.

ಬ್ಲ್ಯಾಕ್ ಪ್ಯಾಂಥರ್‌ನ ಕಿಲ್‌ಮಾಂಗರ್ ಕೇಳುವ ಪ್ರಶ್ನೆ ನ್ಯಾಯವಾದದ್ದು: ಲೋಕದ ತುಂಬ ನಮ್ಮವರು ನರಳ್ತಿದ್ದಾಗ ನೀವು ಸಂಪತ್ತು ಬಚ್ಚಿಟ್ಟುಕೊಂಡು ಕೂತಿದ್ರಲ್ಲ? ಫಾಲ್ಕನ್ ಸರಣಿಯ ಕಾರ್ಲಿ ನೆಲೆ ಕಳ್ಕೊಂಡವರ ಪರ ನಿಂತವಳು. ಸೀಕ್ರೆಟ್ ಇನ್ವೇಷನ್‌ನಲ್ಲಿ ಸ್ಕ್ರಲ್ ಜನಕ್ಕೆ ಮನೆ ಕೊಡಿಸ್ತೀನಿ ಅಂತ ನಿಕ್ ಫ್ಯೂರಿ ಮಾತು ಕೊಟ್ಟು, ದುಡಿಸಿಕೊಂಡು, ದಶಕಗಳೇ ಕಳೆದರೂ ಕೊಡಲಿಲ್ಲ. ಅದನ್ನ ಕೇಳೋನು ಗ್ರಾವಿಕ್. ಥಾರ್ ಲವ್ ಅಂಡ್ ಥಂಡರ್‌ನ ಗಾರ್, ನೀರಿಲ್ಲದೆ ಮಗಳನ್ನ ಕಳ್ಕೊಂಡು ದೇವರ ಮುಂದೆ ಹೋದರೆ ದೇವರು ನಗ್ತಾನೆ. ನಾಲ್ಕೂ ಜನರ ಪ್ರಶ್ನೆ ಸರಿ. ಆಮೇಲೆ ಏನಾಗುತ್ತೆ? ಕಿಲ್‌ಮಾಂಗರ್ ಜೊತೆಗಾತಿಯನ್ನೇ ಗುಂಡಿಟ್ಟು ಕೊಲ್ತಾನೆ. ಕಾರ್ಲಿ ಜನ ಒಳಗಿರೋ ಕಟ್ಟಡಕ್ಕೆ ಬಾಂಬು ಇಡ್ತಾಳೆ. ಗ್ರಾವಿಕ್ ಮಾಸ್ಕೋದಲ್ಲಿ ಬಾಂಬು ಸಿಡಿಸ್ತಾನೆ. ಗಾರ್ ಮಕ್ಕಳನ್ನ ಎತ್ಕೊಂಡು ಹೋಗ್ತಾನೆ. ಪ್ರಶ್ನೆ ಕೇಳಿದವನನ್ನ ಕೊಲೆಗಾರ ಮಾಡಿಬಿಟ್ಟರೆ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ನೋಡಿ. ಪ್ರೇಕ್ಷಕ ನೆಮ್ಮದಿಯಾಗಿ ಪಾಪ್‌ಕಾರ್ನ್ ತಿಂದು ಮನೆಗೆ ಹೋಗಬಹುದು.

ಮಾರ್ವೆಲ್ ಪ್ರಕಾರ ತುಳಿತಕ್ಕೊಳಗಾದವನಿಗೆ ಎರಡೇ ದಾರಿ. ಒಂದು, ಗುರಾಣಿ ತಗೊಂಡು ಸರ್ಕಾರದ ಒಳ್ಳೆ ಹುಡುಗ ಆಗು. ಇಲ್ಲಾಂದ್ರೆ ಬಾಂಬು ಇಟ್ಟು ಸಾಯಿ. ಗಾರ್‌ಗೆ ಸಿಕ್ಕಿದ್ದು ದೇವರನ್ನ ಕೊಲ್ಲುವ ಕತ್ತಿ. ಆದರೆ 1927ರ ಮಾರ್ಚ್ 20ಕ್ಕೆ ಮಹಾಡಿನಲ್ಲಿ ನೀರಿಲ್ಲದ ನಮ್ಮ ಜನ ಏನು ಮಾಡಿದರು? ಬಾಬಾಸಾಹೇಬರ ಹಿಂದೆ ಸಾವಿರಾರು ಜನ ನಡೆದು ಹೋಗಿ ಚವದಾರ್ ಕೆರೆ ನೀರನ್ನ ಬೊಗಸೆಯಲ್ಲಿ ಎತ್ತಿ ಕುಡಿದರು. ಕೊಲೆಯೂ ಇಲ್ಲ, ಬೇಡಿಕೊಳ್ಳೋದೂ ಇಲ್ಲ. ಸಂಘಟನೆ, ಕಾನೂನು, ಬೀದಿ. ಈ ಮೂರನೇ ದಾರಿಯಲ್ಲಿ ಒಬ್ಬ ಹೀರೋ ಸಾಲಲ್ಲ, ಊರೇ ಬೇಕು. ಅದನ್ನ ತೋರಿಸೋ ಧೈರ್ಯ ಇಷ್ಟು ವರ್ಷದಲ್ಲಿ ಮಾರ್ವೆಲ್ಲಿಗೆ ಬಂದಿಲ್ಲ.

ವಕಾಂಡ ಫಾರೆವರ್ ಬಗ್ಗೆ ಒಂದು ಮಾತು, ಇದು ನಮ್ಮೊಳಗಿನ ಮಾತು. ಆ ಸಿನಿಮಾದ ಶುರುವಲ್ಲಿ ವಕಾಂಡದ ಲೋಹ ಕದಿಯೋಕೆ ಬರೋರು ಫ್ರಾನ್ಸಿನ ಸೈನಿಕರು. ಸಮುದ್ರದಲ್ಲಿ ಅದನ್ನ ಹುಡುಕೋರು ಅಮೆರಿಕಾದವರು. ಕೊನೆಗೆ ಹೊಡೆದಾಡಿ ಸಾಯೋರು ಯಾರು? ವಕಾಂಡದವರು ಮತ್ತು ವಸಾಹತುಗಾರರ ಕಾಟಕ್ಕೆ ನೀರಿನಡಿ ಸೇರಿದ ಮಾಯಾ ಮೂಲದ ತಾಲೋಕಾನ್ ಜನ. ಲೂಟಿಗೆ ಬಂದವರು ದೂರ ನಿಂತು ನೋಡ್ತಾರೆ. 2024ರ ಆಗಸ್ಟ್ 1ರ ಒಳಮೀಸಲಾತಿ ತೀರ್ಪಿನ ನಂತರ ನಮ್ಮ ವಾಟ್ಸಾಪ್ ಗುಂಪುಗಳನ್ನ ಓದಿದಾಗೆಲ್ಲ ನನಗೆ ಆ ಹಡಗಿನ ಮೇಲಿನ ಯುದ್ಧವೇ ನೆನಪಾಗುತ್ತೆ. ತಮ್ಮ ಪಾಲು ಕೇಳೋದು ದ್ರೋಹ ಅಲ್ಲ, ಅದು ನ್ಯಾಯ. ಆದರೆ ಎಡಗೈ ಬಲಗೈ ಅಂತ ಒಬ್ಬರನ್ನೊಬ್ಬರು ಬೈಯೋಕೆ ನಾವು ಬಳಸ್ತಿರೋ ಭಾಷೆ ಇದೆಯಲ್ಲ, ಅದು ನಮ್ಮನ್ನ ಊರಾಚೆ ಇಟ್ಟವರ ಭಾಷೆ.

2025ರ ಬ್ರೇವ್ ನ್ಯೂ ವರ್ಲ್ಡ್‌ನಲ್ಲಿ ಸ್ಯಾಮ್ ಪೂರ್ತಿ ಕ್ಯಾಪ್ಟನ್ ಆದ. ಆ ಐಸಾಯಾನನ್ನ ಮತ್ತೆ ಜೈಲಿಗೆ ಹಾಕಿದರು. ಸರಣಿಯ ಕೊನೆಗೆ ಮ್ಯೂಸಿಯಮ್ಮಲ್ಲಿ ಅವನ ಪ್ರತಿಮೆ ನಿಲ್ಲಿಸಿದ್ರು, ನಾನೂ ಕಣ್ಣೊರೆಸ್ಕೊಂಡಿದ್ದೆ. ಪ್ರತಿಮೆ ನಿಲ್ಲಿಸೋದು ಸುಲಭ, ಆ ಪ್ರತಿಮೆಯ ಮನುಷ್ಯನನ್ನ ಬದುಕೋಕೆ ಬಿಡೋದು ಕಷ್ಟ. ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಸಿನಿಮಾ ಅವನ ನೋವನ್ನ ಕಥೆಯ ಕೀಲೆಣ್ಣೆ ಮಾಡ್ಕೊಂಡು, ಅಧ್ಯಕ್ಷ ಕೆಂಪು ರಾಕ್ಷಸ ಆಗೋದನ್ನ ತೋರಿಸೋಕೆ ಓಡಿತು.

ಬ್ಲೇಡ್ ಕಥೆ ಕೇಳಿ. ಮಹೆರ್ಶಾಲಾ ಅಲಿ, ಎರಡು ಆಸ್ಕರ್ ಗೆದ್ದ ನಟ. 2019ರಲ್ಲಿ ಘೋಷಿಸಿದರು. ನಿರ್ದೇಶಕರು ಬಂದರು, ಹೋದರು. 2024ರ ಅಕ್ಟೋಬರಲ್ಲಿ ಬಿಡುಗಡೆ ಪಟ್ಟಿಯಿಂದಲೇ ತೆಗೆದರು. ಐರನ್‌ಹಾರ್ಟ್, ಒಬ್ಬ ಕಪ್ಪು ಹುಡುಗಿಯ ಸರಣಿ, ವರ್ಷಗಟ್ಟಲೆ ಡಬ್ಬದಲ್ಲಿಟ್ಟು 2025ರಲ್ಲಿ ಮೂರು ಕಂತು ಒಂದು ದಿನ, ಉಳಿದ ಮೂರು ಮುಂದಿನ ವಾರ ಅಂತ ಸುರಿದು ಕೈತೊಳ್ಕೊಂಡರು. ನಮ್ಮ ಬ್ಯಾಕ್‌ಲಾಗ್ ಹುದ್ದೆಗಳ ಹಾಗೆ: ಘೋಷಣೆ ಇರುತ್ತೆ, ನೇಮಕಾತಿ ಇರಲ್ಲ. ಇತ್ತ 2026ರ ಡಿಸೆಂಬರ್ 18ಕ್ಕೆ ಘೋಷಿಸಿರೋ ಡೂಮ್ಸ್‌ಡೇ ಸಿನಿಮಾಕ್ಕೆ ಕರೆಸಿದ್ದು ಯಾರನ್ನ? ಐರನ್ ಮ್ಯಾನ್ ಆಗಿದ್ದ ಅದೇ ರಾಬರ್ಟ್ ಡೌನಿಯನ್ನ, ಮುಖವಾಡ ಬದಲಿಸಿ. ಕಷ್ಟ ಬಂದಾಗ ಕುರ್ಚಿ ಹಳೇ ಮನೆಗೇ ವಾಪಸ್.

ಆದರೂ ಯಾಕೆ ನೋಡ್ತೀಯಾ ಅಂತ ಕೇಳಿದರೆ, 2023ರ ಗಾರ್ಡಿಯನ್ಸ್ ಮೂರನೇ ಭಾಗಕ್ಕೋಸ್ಕರ ಅಂತೀನಿ. ಅದರಲ್ಲಿ ಪರಿಪೂರ್ಣ ಸಮಾಜ ಕಟ್ತೀನಿ ಅಂತ ಜೀವಿಗಳನ್ನ ಕೊಯ್ದು ಹೊಲಿಯೋನೊಬ್ಬ ಇದ್ದಾನೆ. ರಾಕೆಟ್ ಅನ್ನೋ ಮರಿಗೆ ಹೆಸರಿಲ್ಲ, 89ಪಿ13 ಅನ್ನೋ ನಂಬರ್. ಅವನಿಗೆ ಹೊಳೆಯದ ಲೆಕ್ಕವನ್ನ ಈ ಮರಿ ಬಿಡಿಸಿಕೊಡುತ್ತೆ. ಹೊಸ ಲೋಕಕ್ಕೆ ನಾವೂ ಬರ್ತೀವಾ ಅಂತ ಕೇಳಿದರೆ, ನಿನ್ನಂಥವರಿಗೆ ಅಲ್ಲಿ ಜಾಗ ಎಲ್ಲಿ ಅನ್ನೋ ಉತ್ತರ. ದುಡಿಮೆ ಬೇಕು, ಬುದ್ಧಿ ಬೇಕು, ಪಕ್ಕದಲ್ಲಿ ಕೂರೋದು ಬೇಡ. ಇದನ್ನ ಬರೆದವರಿಗೆ ನಮ್ಮ ಊರು ಕೇರಿ ಗೊತ್ತಿಲ್ಲ. ಆದರೆ ನನ್ನ ಮಗಳು ಸಿನಿಮಾ ಮುಗಿದ ಮೇಲೆ ಕೇಳಿದ್ದು, "ಅಪ್ಪ, ಇದು ಮನು ಕಥೆ ಅಲ್ವಾ?" ಕೊನೇಲಿ ರಾಕೆಟ್ ಬೋನುಗಳ ಬಾಗಿಲು ತೆಗೆದು ಒಬ್ಬೊಬ್ಬರನ್ನೂ ಹೊರಗೆ ಕರ್ಕೊಂಡು ಬರ್ತಾನೆ. ತಾನು ತಪ್ಪಿಸ್ಕೊಂಡರೆ ಸಾಕು ಅನ್ನಲ್ಲ. ಕುರ್ಚಿ ಸಿಕ್ಕ ನಮ್ಮ ನೌಕರರು ಈ ದೃಶ್ಯವನ್ನ ಎರಡು ಸಲ ನೋಡಬೇಕು. ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ.

ನಾಳೆ ಆ ಹುಡುಗನ ಜೊತೆ ಟೀ ಕುಡೀತೀನಿ, ದುಡ್ಡೂ ನಾನೇ ಕೊಡ್ತೀನಿ. ಈ ಸಲ ಎದ್ದು ಬರಲ್ಲ. ಸ್ಯಾಮ್ ವಿಲ್ಸನ್‌ಗೆ ಗುರಾಣಿ ಯಾರೂ ದಾನ ಕೊಟ್ಟಿದ್ದಲ್ಲ, ಅವನು ಬೆನ್ನು ಮುರಿಯೋ ಹಾಗೆ ದುಡಿದು ಗಳಿಸಿದ್ದು ಅಂತ ಹೇಳ್ತೀನಿ. ಆಮೇಲೆ ನನ್ನ ಹಿಂಬಡ್ತಿಯ ಕಥೆಯನ್ನೂ ಹೇಳ್ತೀನಿ. ಇಷ್ಟು ದಿನ ಅದನ್ನ ಆಫೀಸಲ್ಲಿ ಯಾರ ಹತ್ರವೂ ಬಾಯಿಬಿಟ್ಟು ಹೇಳಿರಲಿಲ್ಲ. ನಾಚಿಕೆ ಪಡಬೇಕಾದವನು ನಾನಲ್ಲ ಅಂತ ಅರ್ಥ ಆಗೋಕೆ ಇಷ್ಟು ವರ್ಷ ಬೇಕಾಯ್ತು.

ಜೈಭೀಮ್.