ಕೊಳೆ ಕಾಣದ ಬಣ್ಣ

ಹೊಸ ಕಾರು ತಗೊಳ್ಳುವಾಗ ಇಂಜಿನ್ ಬಗ್ಗೆ ಮನೆಯಲ್ಲಿ ಒಬ್ಬರೋ ಇಬ್ಬರೋ ಮಾತಾಡ್ತಾರೆ. ಮೈಲೇಜ್ ಬಗ್ಗೆ ದುಡ್ಡು ಕೊಡೋರು ಮಾತಾಡ್ತಾರೆ. ಬಣ್ಣದ ಬಗ್ಗೆ ಮಾತ್ರ ಎಲ್ಲರೂ ಮಾತಾಡ್ತಾರೆ. ಅಡಿಕೆ ಸುಲಿಯೋಕೆ ಬಂದವರೂ ಕವಳ ಹಾಕ್ತಾ ತಮ್ಮದೊಂದು ಅಭಿಪ್ರಾಯ ಸೇರಿಸಿ ಹೋಗ್ತಾರೆ. ಇಂಜಿನಿಯರಿಂಗ್ ಓದುವವರು ಸಾಮಾನ್ಯವಾಗಿ ಇದನ್ನ ಕೇಳಿ ನಗೋದು ರೂಢಿ. ಟಾರ್ಕ್, ಏರ್‌ಬ್ಯಾಗ್ ಬಿಟ್ಟು ಬಣ್ಣದ ಮೇಲೆ ಒಂದು ವಾರ ಚರ್ಚೆಯೇ ಅಂತ. ನಾವು ನಗುವ ಪೈಕಿ ಅಲ್ಲ. ನಂದೊಳ್ಳಿಯಂಥ ಊರಿನಲ್ಲಿ ಕಾರಿನ ಬಣ್ಣ ಅನ್ನೋದು ಟಯರು, ಬ್ರೇಕಿನ ಸಾಲಿನಲ್ಲೇ ಬರಬೇಕಾದ ವಿಷಯ ಅನ್ನೋದು ನಮ್ಮ ವಾದ.

ಇದನ್ನು ಬರೀತಿರೋರು ಮೂವರು. ಒಬ್ಬನ ಮನೆ ಯಲ್ಲಾಪುರ ತಾಲೂಕಿನ ನಂದೊಳ್ಳಿ, ಇನ್ನಿಬ್ಬರದು ಶಿರಸಿ, ಸಿದ್ದಾಪುರದ ಕಡೆ. ಮೂರೂ ಕಡೆ ಕಾರು ಬರುವ ಕತೆ ಒಂದೇ. ಅಡಿಕೆಗೆ ಒಳ್ಳೆ ದರ ಸಿಕ್ಕ ವರ್ಷ, ಸೊಸೈಟಿಯ ಸಾಲ ತೀರಿ ಸ್ವಲ್ಪ ಉಳಿದರೆ, ಕಾರಿನ ಮಾತು ಏಳುತ್ತದೆ. ಬಂದ ಕಾರು ಹತ್ತು ಹದಿನೈದು ವರ್ಷ ಮನೆಯಲ್ಲೇ ಇರುತ್ತದೆ. ಆಸ್ಪತ್ರೆ, ಮದುವೆ, ತೇರು, ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಮಕ್ಕಳನ್ನ ಬಿಡೋದು, ಎಲ್ಲದಕ್ಕೂ ಅದೇ ಒಂದು ಕಾರು.

ನಂದೊಳ್ಳಿಯ ಮನೆಯಲ್ಲಿ ಈ ಸಲ ಮೂರು ಪಕ್ಷ ಆಗಿದೆ. ಅಪ್ಪಯ್ಯನದು, "ಬಿಳಿದೇ ತಗಳವು, ಮಾರಕರೆ ರೇಟು ಬತ್ತು." ಆಯಿಗೆ ಕೆಂಪು ಬೇಕು, ಕಾರಣ ಕೇಳಿದರೆ "ಚಂದ ಕಾಣ್ತು" ಅಷ್ಟೇ. ಚಿಕ್ಕಪ್ಪನದು ಎಲ್ಲರಿಗಿಂತ ಗಟ್ಟಿ ದನಿ: "ಬೂದಿ ಬಣ್ಣ ತಗ, ಕೊಳೆ ಕಾಣ್ತಿಲ್ಲೆ." ರಾಶಿ ನೋಡಿ ಬಣ್ಣ ಹೇಳುವವರೂ ಒಬ್ಬರು ಬಂದುಹೋದರು, ಅವರು ಹೇಳಿದ ಬಣ್ಣ ಆ ಮಾಡೆಲ್ಲಿನಲ್ಲಿ ಇರಲಿಲ್ಲವಾದ್ದರಿಂದ ಆ ಸಮಸ್ಯೆ ತಾನಾಗಿ ಬಗೆಹರಿಯಿತು. ಶೋರೂಮಿನ ಹುಡುಗ ಎಲ್ಲರಿಗೂ "ಒಳ್ಳೆ ಚಾಯ್ಸ್ ಸರ್" ಅಂದ.

ನಮಗೆ ತಕರಾರಿರೋದು ಚಿಕ್ಕಪ್ಪನ ಮಾತಿನ ಮೇಲೆ. ಯಾಕಂದ್ರೆ ಈಗ ಊರಲ್ಲಿ ಗೆಲ್ತಾ ಇರೋದು ಅದೇ. ಕೊಳೆ ಅಂದರೆ ಏನು? ಬೇಸಿಗೆಯಲ್ಲಿ ರಸ್ತೆಯ ಧೂಳು, ಮಳೆಗಾಲದಲ್ಲಿ ರಸ್ತೆಯ ರಾಡಿ. ಕೊಳೆ ಕಾಣಬಾರದು ಅಂದರೆ ಕಾರಿನ ಬಣ್ಣ ರಸ್ತೆಯ ಬಣ್ಣಕ್ಕೆ ಹತ್ತಿರ ಇರಬೇಕು. ರಸ್ತೆಯ ಬಣ್ಣಕ್ಕೆ ಹತ್ತಿರ ಇರುವ ಕಾರು ರಸ್ತೆಯ ಮೇಲೆ ಹೇಗೆ ಕಾಣುತ್ತದೆ? ಒದ್ದೆ ಡಾಂಬರು ಬೂದಿ, ಆಷಾಢದ ಆಕಾಶ ಬೂದಿ, ನಡುವೆ ಸುರಿಯೋ ಮಳೆಯೂ ಬೂದಿ. ಅದರೊಳಗೆ ಒಂದು ಬೂದಿ ಕಾರು. ಸೈನ್ಯದವರು ಇದನ್ನೇ ಬೇಕಂತ ಮಾಡ್ತಾರೆ. ಆಲಿವ್ ಹಸಿರನ್ನು ಬೇರೆಯವರು ವಾಹನಕ್ಕೆ ಬಳಿಯಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮವೇ ಇದೆ. ಬೂದಿಗೆ ಅಂಥ ತಡೆ ಇಲ್ಲ.

ಬಯಲುಸೀಮೆಯ ನೇರ ರಸ್ತೆಯಲ್ಲಿ ಇದು ದೊಡ್ಡ ವಿಷಯ ಅಲ್ಲದಿರಬಹುದು. ನಮ್ಮ ಕಡೆ ರಸ್ತೆಯೇ ಬೇರೆ. ಎರಡೂ ಬದಿ ಕಾಡು, ಮಟಮಟ ಮಧ್ಯಾಹ್ನವೂ ಮರದ ನೆರಳು, ಇಪ್ಪತ್ತು ಮೂವತ್ತು ಮೀಟರಿಗೆ ಒಂದು ತಿರುವು. ಎದುರಿಂದ ಬರೋದು ಊರಿನ ಬೈಕೂ ಆಗಬಹುದು, ಮಾಗೋಡು ಜಲಪಾತ ನೋಡೋಕೆ ಬಂದ, ಈ ರಸ್ತೆಯನ್ನ ಜನ್ಮದಲ್ಲಿ ನೋಡದ ಕಾರೂ ಆಗಬಹುದು. ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಮಂಜು, ಮಳೆ, ಸಾಲು ಲಾರಿ. ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರು. ಎದುರಿನವನು ನಿಮ್ಮನ್ನ ಗುರುತಿಸೋದು ಅರ್ಧ ಸೆಕೆಂಡು ತಡವಾದರೆ ಎರಡು ಕಾರಿನುದ್ದದಷ್ಟು ಜಾಗ ಹೋಯ್ತು. ಲೆಕ್ಕ ಮೊದಲನೇ ಪಿಯುಸಿಯದ್ದು.

ಇದು ಬರೀ ನಮ್ಮ ಊಹೆ ಅಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಅಪಘಾತ ಸಂಶೋಧನಾ ಕೇಂದ್ರದವರು ಅಲ್ಲಿನ ಎರಡು ರಾಜ್ಯಗಳ ಪೊಲೀಸ್ ದಾಖಲೆಗಳನ್ನ ಇಟ್ಟುಕೊಂಡು 2007ರಲ್ಲಿ ಒಂದು ವರದಿ ಕೊಟ್ಟರು. ಹಗಲಲ್ಲಿ ಬಿಳಿ ಕಾರಿಗೆ ಹೋಲಿಸಿದರೆ ಕಪ್ಪು ಕಾರಿಗೆ ಅಪಘಾತದ ಅಪಾಯ ಶೇ. 12, ಬೂದಿಗೆ ಶೇ. 11, ಬೆಳ್ಳಿ ಬಣ್ಣಕ್ಕೆ ಶೇ. 10, ಕೆಂಪು ಮತ್ತು ನೀಲಿಗೆ ಶೇ. 7ರಷ್ಟು ಹೆಚ್ಚು. ಬಿಳಿಗಿಂತ ಸುರಕ್ಷಿತ ಅಂತ ಖಚಿತವಾಗಿ ಹೇಳುವಂಥ ಬಣ್ಣ ಒಂದೂ ಸಿಗಲಿಲ್ಲ. ಕುಡಿದು ಓಡಿಸೋದು, ಸವೆದ ಟಯರು, ಅತಿವೇಗ ಇವುಗಳ ಮುಂದೆ ಈ ಹನ್ನೆರಡು ಸಣ್ಣದು, ಒಪ್ಪೋಣ. ಆದರೆ ಆ ಹನ್ನೆರಡು ಪುಕ್ಕಟೆ ಸಿಗುತ್ತದೆ. ಬುಕಿಂಗ್ ಫಾರ್ಮಿನಲ್ಲಿ ಒಂದು ಟಿಕ್ ಬೇರೆ ಕಡೆ ಹಾಕಿದರೆ ಆಯ್ತು.

ಆಯಿಯ ಕೆಂಪಿನ ವಿಷಯಕ್ಕೆ ಬರೋಣ. ಹಸಿರು ಕಾಡಿನ ಮುಂದೆ ಕೆಂಪಿನಷ್ಟು ಎದ್ದು ಕಾಣೋದು ಇನ್ನೊಂದಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಗಲಲ್ಲಿ ಅದು ನಿಜ. ಆದರೆ ಸಂಜೆ ಆರೂವರೆಗೆ ಅಂಗಳದ ದಾಸವಾಳ ಗಿಡದ ಹತ್ತಿರ ನಿಂತು ನೋಡಿ. ಕತ್ತಲಾಗ್ತಾ ಎಲೆ ಇನ್ನೂ ಕಾಣ್ತಿರುತ್ತದೆ, ಹೂವು ಮಾತ್ರ ಕಪ್ಪಾಗಿ ಮಾಯ. ಬೆಳಕು ಕಮ್ಮಿಯಾದಂತೆ ನಮ್ಮ ಕಣ್ಣು ಕೋನ್ ಕೋಶಗಳಿಂದ ರಾಡ್ ಕೋಶಗಳಿಗೆ ದಾಟುತ್ತದೆ. ರಾಡ್ ಕೋಶಗಳಿಗೆ ಕೆಂಪು ಬೆಳಕು ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಬೊಹೀಮಿಯಾದ ವಿಜ್ಞಾನಿ ಪುರ್ಕಿಂಜೆ 1819ರಲ್ಲಿ ಇದನ್ನ ಗುರುತಿಸಿದ್ದೂ ಹೂವು ನೋಡಿಯೇ. ಹಾಗಾಗಿ ಕೆಂಪು ಕಾರು ಮಧ್ಯಾಹ್ನಕ್ಕೆ ಚಂದ, ಹಾಲು ಡೇರಿಗೆ ಹಾಕೋ ಸಂಜೆ ಹೊತ್ತಿಗೆ ಕಪ್ಪು ಕಾರಿನ ಅಕ್ಕ.

ಹಾಗಾದರೆ ಬಿಳಿಯೇ ದೇವರೇ? ಪೂರ್ತಿ ಅಲ್ಲ. ದಟ್ಟ ಮಂಜಿನಲ್ಲಿ ಬಿಳಿಯೂ ಕರಗಿಹೋಗುತ್ತದೆ. ಅಲ್ಲಿ ಹಳದಿ, ಕಿತ್ತಳೆ ವಾಸಿ. ಶಾಲೆ ಬಸ್ಸು ಹಳದಿ ಇರೋದು ಮಕ್ಕಳಿಗೆ ಇಷ್ಟ ಅಂತ ಅಲ್ಲ. ಆದರೆ ಹಳದಿ ಕಾರು ತಗೊಳ್ಳೋ ಧೈರ್ಯ ನಮ್ಮ ಕಡೆ ಎಷ್ಟು ಜನಕ್ಕಿದೆ? "ಶಾಲೆ ಬಸ್ಸಿನ ಮರಿ" ಅಂತ ಒಂದೇ ದಿನಕ್ಕೆ ಹೆಸರು ಬೀಳುತ್ತದೆ. ನಮ್ಮ ಮಟ್ಟಿಗೆ ಆ ಹೆಸರು ಪರವಾಗಿಲ್ಲ.

"ದೀಪ ಹಾಕಿದ್ರೆ ಸಾಕಲ್ವಾ, ಬಣ್ಣ ಯಾಕೆ?" ಅಂತ ನಮ್ಮ ಕ್ಲಾಸಿನಲ್ಲೇ ಕೇಳಿದವರಿದ್ದಾರೆ. ದೀಪ ಹಾಕಲೇಬೇಕು. ಹಗಲಲ್ಲೂ ಕಾಣೋದು ಮುಖ್ಯ ಅಂತಲೇ 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರುಗಳ ಹೆಡ್‌ಲೈಟ್ ಇಂಜಿನ್ ಜೊತೆಗೇ ಹತ್ತುತ್ತದೆ. ಆದರೆ ದೀಪಕ್ಕೆ ಸ್ವಿಚ್ಚಿದೆ, ಮನುಷ್ಯನಿಗೆ ಮರೆವಿದೆ. ಮತ್ತೆ ಹೆಡ್‌ಲೈಟು ಕಾಣೋದು ಮುಂದಿನಿಂದ. ತೋಟದ ದಾರಿಯಿಂದ ಮುಖ್ಯರಸ್ತೆಗೆ ಅಡ್ಡ ಬರುವಾಗ ತೋರೋದು ಕಾರಿನ ಪಕ್ಕೆ, ಅಂದರೆ ಬರೀ ತಗಡು ಮತ್ತು ಬಣ್ಣ.

ಅಪ್ಪಯ್ಯನ ಉತ್ತರ ಸರಿ, ಕಾರಣ ಮಾತ್ರ ಸರಿ ಅಲ್ಲ. ಮಾರುವಾಗ ರೇಟು ಬರಲಿ ಅಂತ ಬಣ್ಣ ಆರಿಸೋದು ಅಂದರೆ ಹದಿನೈದು ವರ್ಷ ನಾವು ಓಡಿಸೋ ಕಾರಿನ ಬಣ್ಣವನ್ನ ಇನ್ನೂ ಮುಖ ನೋಡದ ಒಬ್ಬ ಗಿರಾಕಿ ತೀರ್ಮಾನ ಮಾಡಿದ ಹಾಗೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸೋ ಬೆಂಗಳೂರಿನವರಿಗೆ ಆ ಲೆಕ್ಕ ಇರಲಿ. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿಯೇ 15 ವರ್ಷ. ಅದನ್ನ ಪೂರೈಸಿದ ಕೆಎ 31 ಕಾರನ್ನ ಕೊಳ್ಳೋಕೆ ಬಂದವನು ಅಡಿ ಬಗ್ಗಿ ತುಕ್ಕು ನೋಡ್ತಾನೆ, ಗೇರು ಹಾಕಿ ನೋಡ್ತಾನೆ. ಬಣ್ಣ ಅವನ ಪಟ್ಟಿಯಲ್ಲಿ ಎಲ್ಲೋ ಕೊನೆಗೆ.

ಕಾರಿನ ಬಣ್ಣ ಬೇರೆಯವರ ಅನುಕೂಲಕ್ಕೆ ಅನ್ನೋದು ಹಳೇ ಕತೆಯೂ ಹೌದು. ಫೋರ್ಡ್ ಕಂಪನಿಯ ಮಾಡೆಲ್ ಟಿ ಶುರುವಿನಲ್ಲಿ ಬೇರೆ ಬೇರೆ ಬಣ್ಣದಲ್ಲಿತ್ತು, 1914ರಿಂದ 1925ರವರೆಗೆ ಕಪ್ಪು ಬಿಟ್ಟರೆ ಬೇರೆ ಇಲ್ಲ. ಓಡಿಸುವವನು ಕೇಳಿದ್ದಕ್ಕಲ್ಲ, ಕಾರ್ಖಾನೆಗೆ ಅದು ಸಲೀಸು ಅಂತ. ಈಗಲೂ "ಬೂದಿಯಾದರೆ ನಾಳೆಯೇ ಡೆಲಿವರಿ, ಬಿಳಿಗೆ ಎರಡು ತಿಂಗಳು" ಅಂತ ಕೇಳಿಬಂದರೆ, ಅದು ಯಾರ ಅಂಗಳದಲ್ಲಿ ಯಾವ ಕಾರು ನಿಂತು ಕೊಳೀತಿದೆ ಅನ್ನೋದರ ಸುದ್ದಿ ಅಷ್ಟೇ.

ಬಿಳಿ ಪರವಾಗಿ ನಮ್ಮ ಬಲವಾದ ಕಾರಣ ಇನ್ನೊಂದಿದೆ: ರಿಪೇರಿ. ಕಾರಿನ ಮೇಲಿನ ಬಣ್ಣದ ಎಲ್ಲಾ ಪದರ ಸೇರಿದರೂ ಸುಮಾರು 100ರಿಂದ 120 ಮೈಕ್ರಾನ್, ಎರಡು ಕೂದಲಿನ ದಪ್ಪವೂ ಇಲ್ಲ. ಅದರಲ್ಲಿ ನಿಜವಾದ ಬಣ್ಣದ ಪದರ ತೀರಾ ತೆಳು, ಅದರ ಮೇಲೆ ಕಾಯೋಕೆ ಪಾರದರ್ಶಕ ಕ್ಲಿಯರ್ ಕೋಟ್. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ. ಅವು ಹೇಗೆ ಮಲಗಿವೆ ಅನ್ನೋದರ ಮೇಲೆ ಹೊಳಪು ನಿಂತಿದೆ. ಗನ್ ಹಿಡಿದ ಕೈ, ಗಾಳಿಯ ಒತ್ತಡ ಸ್ವಲ್ಪ ಬದಲಾದರೂ ಹೊಸ ಬಾಗಿಲು ಬೇರೆ, ಹಳೇ ಬಾನೆಟ್ ಬೇರೆ ಕಾಣುತ್ತದೆ. ಚಕ್ಕೆ ಇಲ್ಲದ ಸಾದಾ ಬಿಳಿಗೆ ಈ ತಲೆಬಿಸಿ ಕಮ್ಮಿ, ತಾಲೂಕಿನ ಗ್ಯಾರೇಜಿನ ಪೇಂಟರೂ ಹೊಂದಿಸಬಲ್ಲ. ಪರ್ಲ್ ಬಿಳಿ ಬೇರೆ. ಅದಕ್ಕೆ ಇನ್ನೊಂದು ಪದರ, ಹೆಚ್ಚು ದುಡ್ಡು, ಹೆಚ್ಚು ಕಷ್ಟ. ಬೇಲಿಯ ಮುಳ್ಳು ಎರಡೂ ಕಡೆ ಗೀರುವ ಓಣಿಯಲ್ಲಿ ಮನೆ ಇರೋರಿಗೆ ಇದು ಸಣ್ಣ ಮಾತಲ್ಲ. ಆ ಗೀರು ಕಪ್ಪು ಕಾರಿನ ಮೇಲೆ ರಂಗೋಲಿ ಹಾಕಿದ ಹಾಗೆ ಕಾಣುತ್ತದೆ, ಬಿಳಿ ಮೇಲೆ ಹುಡುಕಬೇಕು.

ಹೌದು, ಬಿಳಿಗೆ ಕೆಮ್ಮಣ್ಣು ಕಾಣುತ್ತದೆ. ಕಾಣಲಿ. ಕೊಳೆ ಬಣ್ಣದಡಿ ಅಡಗಿದರೆ ಹೋದ ಹಾಗಲ್ಲ, ಚಕ್ರದ ಕಮಾನಿನೊಳಗೆ ಒದ್ದೆಯಾಗಿ ಕೂತು ತುಕ್ಕು ಹಿಡಿಸುತ್ತಿರುತ್ತದೆ. ನಮ್ಮ ಊರಲ್ಲಿ ಕಾರನ್ನ ಕೆಡಿಸೋದು ಕೆಮ್ಮಣ್ಣಿಗಿಂತ ಬೇರೆಯವು: ನೇರಳೆ ತಿಂದ ಹಕ್ಕಿಯ ಹಿಕ್ಕೆ, ಹಲಸಿನ ಮೇಣ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಹಾರಿ ಬರುವ ಬೋರ್ಡೋ ಹನಿ. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ ಅದು. ಒಣಗಿದರೆ ನೀಲಿ ಕಲೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಕ್ಲಿಯರ್ ಕೋಟಿನ ಮೇಲೆ ಗೀರು. ಕಲೆ ಕಂಡರೆ ತಾನೇ ಅವತ್ತೇ ನೀರು ಹಾಕೋದು.

ಸೆಕೆಯ ವಿಷಯ ಒಂದೇ ಮಾತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಕಾರುಗಳನ್ನ ಬಿಸಿಲಲ್ಲಿ ನಿಲ್ಲಿಸಿ ನೋಡಿದಾಗ ಒಳಗಿನ ಗಾಳಿಯಲ್ಲಿ 5ರಿಂದ 6 ಡಿಗ್ರಿ ವ್ಯತ್ಯಾಸ ಬಂತು. ನಂದೊಳ್ಳಿಯ ಹಲಸಿನ ಮರದಡಿ ಇದರ ಚಿಂತೆ ಇಲ್ಲ, ಹುಬ್ಬಳ್ಳಿಯಲ್ಲಿ ಏಪ್ರಿಲ್ ಮಧ್ಯಾಹ್ನ ಇದೆ.

ಆಯಿಯ "ಚಂದ ಕಾಣ್ತು" ಅನ್ನೋದನ್ನ ನಾವು ತಳ್ಳಿಹಾಕಲ್ಲ. ದುಡಿದ ಮನೆಯಲ್ಲಿ ಕಾರಿನ ಚಂದಕ್ಕೂ ಒಂದು ಓಟು ಇರಬೇಕು, ಮುಂದಿನ ಗಿರಾಕಿಗೆ ಇಲ್ಲದಿದ್ದರೂ. ಕೆಂಪೇ ಬೇಕೆಂದರೆ ಕಡುಗೆಂಪು ಬಿಟ್ಟು ತಿಳಿ ಛಾಯೆ ನೋಡಿ, ಬಿಳಿ ಚಾವಣಿ ಸಿಕ್ಕರೆ ತಗೊಳ್ಳಿ. ಬೂದಿಗೆ ಮಾತ್ರ ನಮ್ಮ ಓಟು ಬೀಳಲ್ಲ.

ಶೋರೂಮಿನ ದೀಪದಡಿ ಎಲ್ಲಾ ಬಣ್ಣವೂ ಹೊಳೆಯುತ್ತದೆ, ಅಲ್ಲಿ ನಿಂತು ತೀರ್ಮಾನ ಮಾಡಬೇಡಿ. ನಿಮಗೆ ಬೇಕಾದ ಬಣ್ಣದ ಕಾರು ಊರಿನಲ್ಲಿ ಯಾರ ಮನೆಯಲ್ಲಿದೆ ಅಂತ ವಿಚಾರಿಸಿ. ಮಳೆ ಹೊಯ್ಯುವ ಒಂದು ಸಂಜೆ, ಹೆಡ್‌ಲೈಟ್ ಹಾಕದೆ ಅದನ್ನ ಮನೆಯ ಖಾಲಿ ದಾರಿಯ ತಿರುವಿನಾಚೆ ನಿಲ್ಲಿಸೋಕೆ ಹೇಳಿ, ಛತ್ರಿ ಹಿಡಿದು ಈ ಕಡೆಯಿಂದ ನಡೆದು ಬನ್ನಿ. ಎಷ್ಟು ಹೆಜ್ಜೆ ದೂರದಿಂದ ಅದು ಕಂಡಿತು ಅಂತ ಎಣಿಸಿಕೊಳ್ಳಿ, ಆಮೇಲೆ ಬುಕಿಂಗಿಗೆ ಹೋಗಿ.