ಚೆಂಡಿಗೂ ಬೇಲಿ ಹಾಕಿದವರು

ಆಕಾಶ ಯಾರಪ್ಪನ ಆಸ್ತಿ? ಸುಪ್ರೀಂ ಕೋರ್ಟು ಇದಕ್ಕೆ ಯಾವತ್ತೋ ಉತ್ತರ ಹೇಳಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ 1995ರಲ್ಲಿ ಅದು ಕೊಟ್ಟ ತೀರ್ಪಿನ ಪ್ರಕಾರ ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು. ಅಂದರೆ ಊರ ಕೆರೆ ಇದ್ದಂಗ. ಊರ ಕೆರೆಯ ಕತೆ ನಮಗೆ ಗೊತ್ತಿಲ್ಲವೆ? ಮಹಾಡದ ಕೆರೆ ಕಾಗದದ ಮೇಲೆ ಎಲ್ಲರದೂ ಆಗಿತ್ತು. ಬೊಗಸೆ ನೀರು ಕುಡಿಯಲು 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು.

ಟಿವಿಯ ಫುಟ್‌ಬಾಲೂ ಇವತ್ತು ಅಂಥದೇ ಕೆರೆ. 1986ರಲ್ಲಿ ಮರಡೋನಾನ ಆಟ ತೋರಿಸಿದ ದೂರದರ್ಶನ ಪಂದ್ಯಕ್ಕಿಷ್ಟು ಅಂತ ರೊಕ್ಕ ಕೇಳಿರಲಿಲ್ಲ. ಆಮೇಲೆ ಕಂಪನಿಗಳು ಬಂದವು, ಹಕ್ಕು ಕೊಂಡವು, ಬೇಲಿ ಹಾಕಿದವು. 'ರೊಕ್ಕ ಇದ್ರ ನೋಡು, ಇಲ್ಲಂದ್ರ ಸುಮ್ಮ ಕೂಡು' ಅನ್ನುವುದೇ ಶಾಸ್ತ್ರವಾಯಿತು.

2007ರಲ್ಲಿ ಒಂದು ಕಾನೂನು ಬಂತು. ರಾಷ್ಟ್ರೀಯ ಮಹತ್ವದ ಆಟಗಳ ಹಕ್ಕು ಯಾವ ಕಂಪನಿಯ ಕೈಯಲ್ಲಿದ್ದರೂ ಜಾಹೀರಾತಿಲ್ಲದ ನೇರ ಸಿಗ್ನಲ್ಲನ್ನು ಅದು ಪ್ರಸಾರ ಭಾರತಿಗೆ ಕೊಡಲೇಬೇಕು. ಅಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 75ಕ್ಕೆ ಕಡಿಮೆಯಿಲ್ಲದಂತೆ ಕಂಪನಿಯ ಪಾಲು. 'ಪುಕ್ಕಟೆ ಕೊಟ್ಟರೆ ಮುಳುಗಿ ಹೋಗ್ತೀವಿ' ಎಂದು ಅಳುವ ಧಣಿಗಳು ಈ ಲೆಕ್ಕವನ್ನು ಮಾತ್ರ ಬಾಯಿ ಬಿಡುವುದಿಲ್ಲ.

ಆದರೆ ಆ ಪಟ್ಟಿಯನ್ನು ನೋಡಿರಿ. ವಿಶ್ವಕಪ್ ಫುಟ್‌ಬಾಲಿನ ಆರಂಭದ ಪಂದ್ಯ, ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್. 2022ರಲ್ಲಿ ನಡೆದದ್ದು 64 ಪಂದ್ಯ. ಈ ಲೆಕ್ಕದಲ್ಲಿ ನಮಗೆ ದಕ್ಕುವುದು 8. 2026ರ ವಿಶ್ವಕಪ್ಪಿಗೆ 104 ಪಂದ್ಯ. ಪಟ್ಟಿ ಬೆಳೆಯದಿದ್ದರೆ ನಮ್ಮ ಪಾಲು ಅದೇ 8. ಉಂಡು ಉಳಿದದ್ದನ್ನು ಹಿತ್ತಲ ಬಾಗಿಲಿಗೆ ತಂದು ಮೇಲಿನಿಂದ ಸುರಿಯುವ ಪದ್ಧತಿ ನಮಗೆ ಹೊಸದಲ್ಲ.

ಆ ಎಂಟಕ್ಕೂ ಕತ್ತರಿ ಬಿತ್ತು. ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ನೆಲದ ಟ್ರಾನ್ಸ್‌ಮಿಟರಿನಲ್ಲಿ ಮತ್ತು ಅದರ ಫ್ರೀ ಡಿಶ್‌ನಲ್ಲಿ ಮಾತ್ರ ಬರಬೇಕು, ಖಾಸಗಿ ಕೇಬಲ್ಲಿಗೆ ಹೋಗಕೂಡದು ಎಂದು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಮೇಲೆ ಸರಕಾರವೇ ನೆಲದ ಟ್ರಾನ್ಸ್‌ಮಿಟರುಗಳನ್ನು ಬಹುಪಾಲು ಮುಚ್ಚಿತು. ತಿಂಗಳಾ ಕೇಬಲ್ಲಿಗೆ ರೊಕ್ಕ ಕಟ್ಟುವ ಕೂಲಿಕಾರನ ಮನೆಯಲ್ಲಿ ದೂರದರ್ಶನ ಬರ್ತದ, ಪಂದ್ಯ ಬರೂದಿಲ್ಲ!

'ಮೊಬೈಲಿನ್ಯಾಗ ನೋಡ್ರಿ, ಪುಕ್ಕಟೆ ಅದ' ಅಂದರು. ಹೌದು, 2022ರ ವಿಶ್ವಕಪ್ಪನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು, 2023ರ ಐಪಿಎಲ್ಲನ್ನೂ ತೋರಿಸಿತು. ಚಟ ಹತ್ತಿದ ಮೇಲೆ, 2025ರಲ್ಲಿ ಅದು ಜಿಯೋಹಾಟ್‌ಸ್ಟಾರ್ ಆಗಿ ಚಂದಾ ಕೇಳಿತು. ಮೊದಲ ಬಟ್ಟಲು ಪುಕ್ಕಟೆ ಕೊಡುವ ಸೆರೆ ಅಂಗಡಿಯವನ ಧರ್ಮ ಇದು. ಪುಕ್ಕಟೆ ಅಂದಾಗಲೂ ಸ್ಮಾರ್ಟ್‌ಫೋನು ಯಾರು ಕೊಟ್ಟರು? ಡೇಟಾ ಯಾರು ತುಂಬಿದರು?

ಇಟ್ಟಂಗಿಹಾಳದಲ್ಲಿ ಕೂತ ನಮಗೆ ಕೆಲವು ಗೆಳೆಯರು ಕೇಳುತ್ತಾರೆ: 'ಕೂಲಿ ಇಲ್ಲ, ನೀರಿಲ್ಲ, ನಿಮಗ ಫುಟ್‌ಬಾಲಿನ ಚಿಂತಿ ಯಾಕ?' ನಾವು ಹೇಳುತ್ತೇವೆ: ಬಡವನಿಗೆ ಹೊಟ್ಟೆಯೊಂದೇ ಇದೆ, ಕಣ್ಣಿಲ್ಲ ಎಂದವರು ಉಳ್ಳವರು. ಈ ಆಟವನ್ನು ಆಟ ಮಾಡಿದವರು ಯಾರು? ಕಾಲುಚೀಲಕ್ಕೆ ಕಾಗದ ತುರುಕಿ ಒದ್ದ ಪೆಲೆ. ಬ್ಯೂನಸ್ ಐರಿಸಿನ ಅಂಚಿನ ಕೊಳಗೇರಿಯ ಮರಡೋನಾ. ಬೆಂಗಳೂರಿನ ಹಲಸೂರಿನ ಗೌತಮಪುರಕ್ಕೆ ಹೋಗಿರಿ: ಆ ದಲಿತ ಕೇರಿಯಲ್ಲಿ ಬುದ್ಧ, ಅಂಬೇಡ್ಕರರ ಜೊತೆಗೆ ಪೆಲೆಯ ಮೂರ್ತಿಯೂ ಇದೆ. ವಿಶ್ವಕಪ್ ಬಂದರೆ ಅಲ್ಲಿನ ಜನ ಬೀದಿಯಲ್ಲಿ ಪರದೆ ಕಟ್ಟಿ ಒಟ್ಟಿಗೆ ಕೂತು ನೋಡುತ್ತಾರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು, ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ನಮ್ಮ ಎಷ್ಟು ಶಾಲೆಗಳ ಮಕ್ಕಳು ಅದನ್ನು ಕಂಡರು? ಬೆವರು ಕೇರಿಯದು, ಚಿತ್ರ ಕಂಪನಿಯದು. ಇದನ್ನು ಶೋಷಣೆ ಅನ್ನದೆ ಏನನ್ನಬೇಕು?

ಇದು ಆಗದ ಮಾತಲ್ಲ. ಬಂಡವಾಳದ ತವರಾದ ಬ್ರಿಟನ್ನಿನಲ್ಲೇ ಇಡೀ ವಿಶ್ವಕಪ್ ಪುಕ್ಕಟೆ ವಾಹಿನಿಗೆ ಸಿಗಬೇಕೆಂಬ ನಿಯಮವಿದೆ. ಅದರ ವಿರುದ್ಧ ಫಿಫಾ ಯುರೋಪಿನ ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ಸೋತು ಬಂತು. ಅಲ್ಲಿ ಫಿಫಾ ಮುಳುಗಲಿಲ್ಲ. ಇಲ್ಲಿ ಹ್ಯಾಂಗ ಮುಳುಗ್ತದ?

ಆದ್ದರಿಂದ ನಮ್ಮ ಬೇಡಿಕೆ, ಬೇಡಿಕೆಯಲ್ಲ, ಹಕ್ಕು: ವಿಶ್ವಕಪ್ಪಿನ ಎಲ್ಲಾ ಪಂದ್ಯಗಳೂ, ಸಂತೋಷ್ ಟ್ರೋಫಿ ಇಡಿಯಾಗಿಯೂ ಪಟ್ಟಿಗೆ ಸೇರಲಿ. 2007ರ ಕಾನೂನು ತಿದ್ದಿ, ದೂರದರ್ಶನಕ್ಕೆ ಬಂದ ಪಂದ್ಯ ಎಲ್ಲಾ ಕೇಬಲ್ಲಿಗೂ ಹರಿಯಲಿ. ಚಂದನದಲ್ಲಿ ಕನ್ನಡದ ವಿವರಣೆ ಬರಲಿ. ಪ್ರತಿ ಸರಕಾರಿ ಹಾಸ್ಟೆಲಿಗೆ, ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಒಂದು ಫ್ರೀ ಡಿಶ್ ತಟ್ಟೆ, ಒಂದು ಟಿವಿ ಬರಲಿ. ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಮತ್ತು ಆ ಟಿವಿ ಗೌಡರ ಪಡಸಾಲೆಯಲ್ಲಿ ಅಲ್ಲ, ಕೇರಿಯ ಮಗು ಚಪ್ಪಲಿ ಬಿಡದೆ, ಅಪ್ಪಣೆ ಕೇಳದೆ ಮುಂದಿನ ಸಾಲಿನಲ್ಲಿ ಕೂಡುವ ಜಾಗದಲ್ಲಿ ಇರಲಿ.

ಮಾಸ್ತರರೆ, ವಿದ್ಯಾರ್ಥಿ ಗೆಳೆಯರೆ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವು ಮಾಡಿಸಿರಿ. ಸಹಿ, ಹೆಬ್ಬೆಟ್ಟು ಎರಡೂ ಹಾಕಿಸಿ ದಿಲ್ಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಕಳಿಸಿರಿ. ಉತ್ತರ ಬರದಿದ್ದರೆ ಮತ್ತೆ ಕಳಿಸಿರಿ. ಬೇಲಿ ತಾನಾಗಿ ಬೀಳೂದಿಲ್ಲ, ಕಿತ್ತಬೇಕು.